ನಿನ್ನ ಕೈಗೆ ಹೊಂದುವ ಸ್ಟೀರಿಂಗ್

ಪ್ರೀತಿಯ ಪುಟ್ಟಿ,

ನಿನ್ನ ಕಾರಿಗೆ ಹಾಕಿಸಬೇಕು ಅಂತ ನೀನು ಕಳಿಸಿದ ಮೂರೂ ಸ್ಟೀರಿಂಗ್‌ಗಳ ಫೋಟೋ ನೋಡಿದೆ. ಮೂರೂ ಚೆನ್ನಾಗಿವೆ. ಆದರೆ ನೀನು ಬರೆದದ್ದೆಲ್ಲ ಬಣ್ಣ, ಹೊಲಿಗೆಯ ಬಗ್ಗೆ. ಅಡ್ಡಳತೆ ಎಷ್ಟು, ಹಿಡಿ ಎಷ್ಟು ದಪ್ಪ, ಎಷ್ಟು ಆಳ ಅನ್ನುವುದು ಒಂದರಲ್ಲೂ ಇಲ್ಲ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಏರ್‌ಬ್ಯಾಗ್ ವಿಷಯ. ನಿನ್ನ ಹಳೆಯ ಕಾರಿನ ಸ್ಟೀರಿಂಗ್‌ನಲ್ಲಿ ಅದು ಇಲ್ಲ, ಹಾಗಾಗಿ ಬದಲಿಸುವ ಮಾತಿಗೆ ನಾನು ಒಪ್ಪಿದೆ. ಇದ್ದಿದ್ದರೆ ಬೇಡ ಅಂತ ಒಂದೇ ಸಾಲು ಬರೆದು ಮುಗಿಸುತ್ತಿದ್ದೆ. ನಿನ್ನ ಗೆಳತಿ ತನ್ನ ಹೊಸ ಕಾರಿಗೂ ಹಾಕಿಸಬೇಕು ಅನ್ನುತ್ತಿದ್ದಾಳಂತಲ್ಲ, ಇದನ್ನು ಅವಳಿಗೂ ಓದಿ ಹೇಳು. ಹೊರಗೆ ಅಂಗಡಿಯಲ್ಲಿ ಸಿಗುವ ಸ್ಟೀರಿಂಗ್‌ಗಳಲ್ಲಿ ಸಾಮಾನ್ಯವಾಗಿ ಏರ್‌ಬ್ಯಾಗ್ ಇರುವುದಿಲ್ಲ. ಡಿಕ್ಕಿಯಾದಾಗ ಏರ್‌ಬ್ಯಾಗ್ ಕಣ್ಣು ಮಿಟುಕಿಸುವಷ್ಟರಲ್ಲಿ ಉಬ್ಬಿ ನಿಲ್ಲುತ್ತದೆ. ಸೀಟ್ ಬೆಲ್ಟ್ ಎಷ್ಟು ಎಳೆಯಬೇಕು, ಎಷ್ಟು ಸಡಿಲ ಬಿಡಬೇಕು ಅನ್ನುವುದನ್ನೂ ಅದಕ್ಕೆ ಹೊಂದಿಸಿಯೇ ಮಾಡಿರುತ್ತಾರೆ. ಅದನ್ನು ತೆಗೆದರೆ ತಲೆ ಹೋಗಿ ಬಡಿಯುವುದು ಗಟ್ಟಿ ಲೋಹಕ್ಕೆ. ಕೆಲವರು ರೆಸಿಸ್ಟರ್ ಅನ್ನುವ ಪುಟ್ಟ ವಿದ್ಯುತ್ ಬಿಡಿಭಾಗ ಸಿಕ್ಕಿಸಿ ಎಚ್ಚರಿಕೆಯ ದೀಪ ಆರಿಸಿಬಿಡುತ್ತಾರೆ. ಆಗ ಏರ್‌ಬ್ಯಾಗ್ ಇಲ್ಲದ ಕಾರು, ಅದು ಇದೆ ಅನ್ನುವ ಹಾಗೆ ಸುಳ್ಳು ಹೇಳತೊಡಗುತ್ತದೆ. ಮುಂದೆ ಆ ಕಾರು ಕೊಳ್ಳುವವರಿಗೂ ಅದೇ ಸುಳ್ಳು ಹೋಗುತ್ತದೆ. ಹೊಸ ಕಾರುಗಳಲ್ಲಿ ಲೇನ್ ಬಿಟ್ಟು ಹೋಗದಂತೆ ಕಾಯುವ ವ್ಯವಸ್ಥೆ, ಕೈ ಹಿಡಿಯ ಮೇಲಿದೆಯೇ ಎಂದು ನೋಡುವ ಸೆನ್ಸರ್ ಕೂಡ ಇರಬಹುದು, ಸ್ಟೀರಿಂಗ್ ಬದಲಿಸಿದರೆ ಅವೂ ಕೆಡಬಹುದು. ಅವಳಿಗೆ ಹಿಡಿ ಇಷ್ಟವಾಗದಿದ್ದರೆ, ಅಂಥ ಸೆನ್ಸರ್ ಇಲ್ಲದ ಪಕ್ಷದಲ್ಲಿ, ಇರುವ ಸ್ಟೀರಿಂಗ್‌ಗೇ ಒಳ್ಳೆಯ ಚರ್ಮ ಸುತ್ತಿ ಹೊಲಿಸಿಕೊಳ್ಳಲಿ. ನಡುವಿನ ಏರ್‌ಬ್ಯಾಗ್ ಭಾಗವನ್ನು ಮಾತ್ರ ಮುಟ್ಟಬಾರದು.

ಈಗ ನಿನ್ನ ಕಾರಿಗೆ ಬರೋಣ. ಭುಜ ನೋಯುತ್ತದೆ, ಸ್ಟೀರಿಂಗ್ ಭಾರ ಅಂದೆಯಲ್ಲ, ಅದೆಲ್ಲವೂ ಸ್ಟೀರಿಂಗ್‌ನದೇ ತಪ್ಪು ಅಂದುಕೊಳ್ಳಬೇಡ. ಟೈರ್‌ನಲ್ಲಿ ಗಾಳಿ ಕಡಿಮೆಯಿದ್ದರೂ ಸ್ಟೀರಿಂಗ್ ಭಾರವಾಗುತ್ತದೆ. ಕಾರು ಒಂದೇ ಕಡೆ ಎಳೆಯುತ್ತಿದ್ದರೆ ವೀಲ್ ಅಲೈನ್‌ಮೆಂಟ್ ನೋಡಿಸಬೇಕು. ಆಮೇಲೆ ಕುಳಿತುಕೊಳ್ಳುವ ರೀತಿ. ಬೆನ್ನು, ಭುಜ ಸೀಟಿಗೆ ಒರಗಿಸಿ ಕೈ ನೀಡು. ಮಣಿಕಟ್ಟು ಸ್ಟೀರಿಂಗ್‌ನ ಮೇಲಂಚಿನ ಮೇಲೆ ಆರಾಮಾಗಿ ಕೂರಬೇಕು. ಕೈಗಳು ಗಡಿಯಾರದ 9 ಮತ್ತು 3ರ ಜಾಗದಲ್ಲಿದ್ದಾಗ ಮೊಣಕೈ ಸ್ವಲ್ಪ ಮಡಚಿರಬೇಕು. ಎದೆಗೂ ಸ್ಟೀರಿಂಗ್‌ನ ನಡುಭಾಗಕ್ಕೂ ಕಡಿಮೆಯೆಂದರೆ 25 ಸೆಂ.ಮೀ. ಅಂತರ ಇರಲಿ. ಇಷ್ಟು ಸರಿಮಾಡಿಕೊಂಡ ಮೇಲೂ ನೋಯುತ್ತಿದ್ದರೆ ಆಗ ಅಂಗಡಿಗೆ ಹೋಗೋಣ.

ಅಡ್ಡಳತೆಯ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಎಲ್ಲರೂ ಎಡವುವುದು ಅಲ್ಲೇ. ನಿನ್ನ ಈಗಿನ ಸ್ಟೀರಿಂಗ್ 380 ಮಿ.ಮೀ. ಇದೆ. ನಿನಗೆ ಇಷ್ಟವಾದ ಆ ಕೆಂಪು ಹೊಲಿಗೆಯದ್ದು ನೋಡಿದರೆ 320 ಇರಬೇಕು. ಸಣ್ಣದಾದಷ್ಟೂ ತಿರುಗಿಸಲು ಬಲ ಜಾಸ್ತಿ ಬೇಕು. 380ರ ಜಾಗದಲ್ಲಿ 350 ಹಾಕಿದರೆ ಸುಮಾರು ನೂರಕ್ಕೆ 9ರಷ್ಟು ಹೆಚ್ಚು, 320 ಹಾಕಿದರೆ ನೂರಕ್ಕೆ 19ರಷ್ಟು ಹೆಚ್ಚು. ಪವರ್ ಸ್ಟೀರಿಂಗ್ ಇದ್ದರೆ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ನಿನ್ನ ಕಾರಿನಲ್ಲಿ ಅದು ಇಲ್ಲವಲ್ಲ. ಇಕ್ಕಟ್ಟಾದ ಜಾಗದಲ್ಲಿ ನಿಲ್ಲಿಸುವಾಗ ಭುಜಕ್ಕೆ ಇನ್ನಷ್ಟು ನೋವು ಕೊಟ್ಟುಕೊಂಡಂತೆ ಆಗುತ್ತದೆ.

ಸಣ್ಣ ಸ್ಟೀರಿಂಗ್ ಹಾಕಿದರೆ ಕಾರು ಚುರುಕಾಗುತ್ತದೆ ಅನ್ನುತ್ತಾರೆ. ಅದರಲ್ಲಿ ಅರ್ಧ ಮಾತ್ರ ನಿಜ. ಚಕ್ರ ಎಷ್ಟು ತಿರುಗಬೇಕು ಅನ್ನುವುದನ್ನು ಕೆಳಗಿರುವ ಸ್ಟೀರಿಂಗ್ ಬಾಕ್ಸ್ ತೀರ್ಮಾನಿಸುತ್ತದೆ. ನೀನು ಯಾವ ಸ್ಟೀರಿಂಗ್ ಹಾಕಿದರೂ ಆ ಲೆಕ್ಕ ಬದಲಾಗುವುದಿಲ್ಲ. ಬದಲಾಗುವುದು ಕೈ ಸಾಗುವ ದೂರ. ಕಾಲು ಸುತ್ತು ತಿರುಗಿಸಲು 380ರಲ್ಲಿ ಕೈ ಸುಮಾರು 30 ಸೆಂ.ಮೀ. ಸಾಗಬೇಕು, 320ರಲ್ಲಿ 25 ಸಾಕು. ತಿರುವುಗಳಲ್ಲಿ ಇದು ಖುಷಿ ಕೊಡುತ್ತದೆ, ಒಪ್ಪುತ್ತೇನೆ. ಆದರೆ ಹೆದ್ದಾರಿಯಲ್ಲಿ ಕೈ ಸ್ವಲ್ಪ ಅಲುಗಿದರೂ ಕಾರು ಪಕ್ಕಕ್ಕೆ ಸರಿಯುತ್ತದೆ. ಗಂಟೆಗಟ್ಟಲೆ ಓಡಿಸುವಾಗ ಅದನ್ನು ಸರಿಪಡಿಸುತ್ತಲೇ ಇರಬೇಕು, ಅದೇ ದೊಡ್ಡ ಆಯಾಸ. ನನ್ನ ಮಾತು ಕೇಳಿದರೆ 350ಕ್ಕಿಂತ ಕೆಳಗೆ ಇಳಿಯಬೇಡ. 360 ಸಿಕ್ಕರೆ ಇನ್ನೂ ಒಳ್ಳೆಯದು. ಸಣ್ಣದು ಹಾಕಿದರೆ ಮೇಲಂಚು ಸ್ಪೀಡೋಮೀಟರ್‌ಗೆ ಅಡ್ಡ ಬರುವುದೂ ಉಂಟು. ಕೊಳ್ಳುವ ಮುಂಚೆ ರಟ್ಟಿನಲ್ಲಿ ಅದೇ ಅಳತೆಯ ಬಳೆ ಕತ್ತರಿಸಿ, ಸ್ಟೀರಿಂಗ್ ಮುಂದೆ ಹಿಡಿದು, ನಿನ್ನ ಸೀಟಿನಲ್ಲಿ ಕುಳಿತು ನೋಡು.

ಹಿಡಿಯ ದಪ್ಪ ನನಗೆ ತುಂಬ ಇಷ್ಟದ ವಿಷಯ. ಇಟಲಿಯ ರೇಸ್ ಚಾಲಕ ಜಿಯಾನ್‌ಪಿಯೆರೊ ಮೊರೆಟ್ಟಿ ತನ್ನ ರೇಸ್ ಕಾರಿಗಾಗಿ ದಪ್ಪ ಹಿಡಿಯ, ಸ್ವಲ್ಪ ಸಣ್ಣ ಸ್ಟೀರಿಂಗ್ ಒಂದನ್ನು ಮಾಡಿಸಿಕೊಂಡ. ಅದು ಬೇರೆ ಚಾಲಕರ ಕಣ್ಣಿಗೂ ಬಿತ್ತು. 1964ರಲ್ಲಿ ಫೆರಾರಿಯಲ್ಲಿ ವಿಶ್ವ ಚಾಂಪಿಯನ್ ಆದ ಜಾನ್ ಸರ್ಟೀಸ್ ಕೂಡ ಅವನ ಸ್ಟೀರಿಂಗ್ ಹಿಡಿದ. ಸ್ಟೀರಿಂಗ್ ಮಾಡುವ ಮೊಮೊ ಅನ್ನುವ ಕಂಪನಿ ಹುಟ್ಟಿದ್ದು ಹಾಗೆ. ಆ ಕಾಲದ ಸ್ಟೀರಿಂಗ್‌ಗಳ ಹಿಡಿ ತೆಳ್ಳಗಿರುತ್ತಿತ್ತು. ತೆಳ್ಳಗಿದ್ದರೆ ನಮಗೆ ಗೊತ್ತಿಲ್ಲದೆಯೇ ಬಿಗಿಯಾಗಿ ಹಿಡಿಯುತ್ತೇವೆ, ಬೆರಳ ಗಂಟು ನೋಯುತ್ತದೆ. ಹಾಗಂತ ದಪ್ಪ ಇದ್ದಷ್ಟೂ ಒಳ್ಳೆಯದು ಅಂತಲೂ ಅಲ್ಲ. ನಮ್ಮಿಬ್ಬರದೂ ಚಿಕ್ಕ ಅಂಗೈ, ಪುಟ್ಟಿ. ದೊಡ್ಡ ಕೈಯವರಿಗೆ ಹಿತವಾದ ಹಿಡಿಯನ್ನು ನಾವು ಪೂರ್ತಿ ಸುತ್ತಿ ಹಿಡಿಯಲಾರೆವು. ಹಿಡಿದಾಗ ಹೆಬ್ಬೆರಳಿನ ತುದಿ ನಡುಬೆರಳಿನ ತುದಿಯ ಹತ್ತಿರ ಬರಬೇಕು. ಮುಷ್ಟಿ ಬಿಗಿಯದೆ ಕೈ ನಿಲ್ಲಬೇಕು. ಇದನ್ನು ಫೋಟೋ ನೋಡಿ ತಿಳಿಯಲು ಆಗುವುದಿಲ್ಲ, ಹೋಗಿ ಹಿಡಿದೇ ನೋಡಬೇಕು.

ನಯವಾದ ಚರ್ಮ ದಿನಬಳಕೆಗೆ ಚೆನ್ನ, ಒರೆಸಿದರೆ ಸಾಕು. ಸ್ವೀಡ್, ಅಂದರೆ ಮಖಮಲ್ಲಿನ ಹಾಗಿರುವ ಚರ್ಮ, ಮೊದಮೊದಲು ಒಳ್ಳೆಯ ಹಿಡಿತ ಕೊಡುತ್ತದೆ. ಬೆವರು, ಎಣ್ಣೆ ಕುಡಿದ ಮೇಲೆ ಗಟ್ಟಿಯಾಗಿ ಹೊಳೆಯತೊಡಗುತ್ತದೆ, ಆಗಾಗ ಬ್ರಷ್ ಮಾಡಿ ಶುಚಿ ಮಾಡುತ್ತಿರಬೇಕು. ಮರದ್ದು ನೋಡಲು ಬಲು ಚೆಂದ, ಬೆವರಿದ ಕೈಗೆ ಜಾರುತ್ತದೆ. ಕೆಳಭಾಗ ಚಪ್ಪಟೆಯಿರುವುದನ್ನು ನಿನಗೆ ಬೇಡ ಅನ್ನುತ್ತೇನೆ. ಪೂರ್ತಿ ಸುತ್ತು ತಿರುಗಿಸುವಾಗ ದುಂಡಗಿನ ಅಂಚು ಸಿಗುತ್ತದೆ ಅಂತ ಕೈ ಹೋದ ಜಾಗದಲ್ಲಿ ಚಪ್ಪಟೆ ಅಂಚು ಬಂದುಬಿಡುತ್ತದೆ.

ಇನ್ನು ಡಿಶ್, ಅಂದರೆ ಹಿಡಿ ನಡುಭಾಗಕ್ಕಿಂತ ಎಷ್ಟು ನಮ್ಮ ಕಡೆಗೆ ಬಂದಿದೆ ಅನ್ನುವುದು. ಕೆಲವು ತಟ್ಟೆಯ ಹಾಗೆ ಚಪ್ಪಟೆ, ಕೆಲವು ಬಟ್ಟಲಿನ ಹಾಗೆ ಆಳ. ನಿನ್ನ ತೋಳೂ ನನ್ನ ಹಾಗೆ ಗಿಡ್ಡ, ಕಾಲು ಮಾತ್ರ ನಿಮ್ಮಪ್ಪನ ಹಾಗೆ ಉದ್ದ. ಕೈಗೆ ಎಟುಕಲಿ ಅಂತ ಸೀಟು ಮುಂದೆ ತಂದರೆ ಮೊಣಕಾಲು ಮಡಚಿ ಕೂರಬೇಕು, ಹಿಂದೆ ಬಿಟ್ಟರೆ ತೋಳು ಚಾಚಿ ಹಿಡಿಯಬೇಕು. ನಿನ್ನ ಭುಜನೋವಿಗೆ ನಿಜವಾದ ಕಾರಣ ಇದೇ ಇರಬಹುದು ಅಂತ ನನಗನ್ನಿಸುತ್ತದೆ. ಸ್ವಲ್ಪ ಆಳದ ಸ್ಟೀರಿಂಗ್ ಹಾಕಿದರೆ ಸೀಟನ್ನು ಹಿಂದೆ ಬಿಟ್ಟು ಆರಾಮಾಗಿ ಕೂರಬಹುದು. ಆದರೆ ಒಂದು ಮಾತು ನೆನಪಿಡು. ಸ್ಟೀರಿಂಗ್‌ಗೂ ಅದು ಕೂರುವ ಕಂಬವಾದ ಕಾಲಮ್‌ಗೂ ನಡುವೆ ಕೂರುವ ಬಾಸ್ ಕಿಟ್ ಕೂಡ ಸ್ಟೀರಿಂಗನ್ನು ನಮ್ಮ ಕಡೆಗೆ ತರುತ್ತದೆ, ಎರಡನ್ನೂ ಕೂಡಿಸಿ ಲೆಕ್ಕ ಹಾಕು. ತೀರಾ ಹತ್ತಿರ ಬಂದರೆ ಇಂಡಿಕೇಟರ್ ಕಡ್ಡಿ ಬೆರಳಿಗೆ ಎಟುಕುವುದಿಲ್ಲ, ಎದೆಯ ಬಳಿಯ ಅಂತರವೂ ಕಡಿಮೆಯಾಗುತ್ತದೆ.

ಬಾಸ್ ಕಿಟ್ ನಿನ್ನ ಕಾರಿನ ಮಾಡೆಲ್‌ಗೇ ಮಾಡಿದ್ದಾಗಿರಬೇಕು. ಕಾಲಮ್ಮಿನ ತುದಿಯ ಹಲ್ಲುಗಳು ಒಂದೊಂದು ಕಾರಿನಲ್ಲಿ ಒಂದೊಂದು ಥರ. ‘ಹೆಚ್ಚುಕಡಿಮೆ ಕೂರುತ್ತದೆ’ ಅಂದರೆ ಅಲ್ಲಿಂದ ಎದ್ದು ಬಾ. ಡಿಕ್ಕಿಯಲ್ಲಿ ಕುಸಿದು ಪೆಟ್ಟು ತಗ್ಗಿಸುವಂಥ ಬಾಸ್ ಕಿಟ್ ಸಿಕ್ಕರೆ ಅದನ್ನೇ ತಗೋ. ಸ್ಟೀರಿಂಗ್ ಕಡೆ ಆರು ಬೋಲ್ಟ್ ಇರುತ್ತವೆ. ಮೊಮೊ, ಸ್ಪಾರ್ಕೊ, ಒಎಂಪಿಯಂಥ ಕಂಪನಿಗಳದ್ದು ಸಾಮಾನ್ಯವಾಗಿ 70 ಮಿ.ಮೀ. ಅಡ್ಡಳತೆಯ ವೃತ್ತದಲ್ಲಿ, ನಾರ್ಡಿ ಕಂಪನಿಯದ್ದು 74ರಲ್ಲಿ. ಬಾಸ್ ಕಿಟ್‌ನ ಅಳತೆಗೆ ಹೊಂದದಿದ್ದರೆ ತೂತು ಹಿಗ್ಗಿಸಿ ಕೂರಿಸುವವರೂ ಇದ್ದಾರೆ, ಅದಕ್ಕೆ ಒಪ್ಪಲೇಬೇಡ. ಹೆಸರುವಾಸಿ ಕಂಪನಿಗಳ ನಕಲಿ ಸ್ಟೀರಿಂಗ್‌ಗಳೂ ಬರುತ್ತವೆ. ಹೊರಗಿನ ಚರ್ಮ ನೋಡಿ ಒಳಗಿನ ಲೋಹ ಹೇಗಿದೆ ಅಂತ ಹೇಳಲು ಬರುವುದಿಲ್ಲ, ಹಾಗಾಗಿ ಕಂಪನಿಯೇ ಒಪ್ಪಿದ ಮಾರಾಟಗಾರರ ಬಳಿಯೇ ಕೊಳ್ಳು. ನೀನಿರುವ ಕಡೆಯ ಕಾನೂನು ಒಪ್ಪುತ್ತದೆಯೇ ಅಂತ ಮೊದಲೇ ಕೇಳು, ವಿಮೆಯವರಿಗೂ ತಿಳಿಸಿಬಿಡು.

ಕೂರಿಸುವಾಗ ಮೆಕ್ಯಾನಿಕ್ ಪಕ್ಕದಲ್ಲೇ ನಿಂತುಕೋ. ಚಕ್ರಗಳು ನೇರ ಇರಬೇಕು, ಬ್ಯಾಟರಿ ಕಳಚಿರಬೇಕು. ಹಳೆಯ ಸ್ಟೀರಿಂಗ್ ತೆಗೆಯುವಾಗ ನಡುವಿನ ನಟ್ ಸಡಿಲಿಸಿದ ಮೇಲೂ ಒಂದೆರಡು ಸುತ್ತು ಹಾಗೇ ಬಿಟ್ಟಿರಬೇಕು, ಇಲ್ಲದಿದ್ದರೆ ಎಳೆಯುವಾಗ ಸ್ಟೀರಿಂಗ್ ಥಟ್ಟನೆ ಕಿತ್ತುಬಂದು ಮುಖಕ್ಕೆ ಬಡಿಯುತ್ತದೆ. ಬರದಿದ್ದರೆ ಪುಲ್ಲರ್, ಅಂದರೆ ಎಳೆದು ತೆಗೆಯುವ ಸಾಧನ, ಹಾಕಲಿ. ಕಾಲಮ್ ಮೇಲೆ ಸುತ್ತಿಗೆ ಹೊಡೆಯಲು ಬಿಡಬೇಡ, ಒಳಗಿನ ಬೇರಿಂಗ್ ಹಾಳಾಗುತ್ತದೆ. ಆಮೇಲೆ ನಿಂತಲ್ಲೇ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡು. ತಿರುಗಿಸುತ್ತಲೇ ಹಾರ್ನ್ ಒತ್ತು. ತಿರುವು ಮುಗಿದ ಮೇಲೆ ಇಂಡಿಕೇಟರ್ ತಾನಾಗಿ ವಾಪಸ್ ಬರುತ್ತದೆಯೇ ನೋಡು, ಕೆಲವು ಬಾಸ್ ಕಿಟ್‌ಗಳಲ್ಲಿ ಆ ಪುಟ್ಟ ಕೊಕ್ಕೆಯೇ ಇರುವುದಿಲ್ಲ. ನಡುವಿನ ನಟ್ ಎಷ್ಟು ಬಿಗಿಯಬೇಕು ಅನ್ನುವುದು ಕಾರಿನ ಸರ್ವಿಸ್ ಪುಸ್ತಕದಲ್ಲಿದೆ. ಅಂದಾಜಿಗೆ ಬಿಗಿಯುವುದು ಬೇಡ, ಬಿಗಿತ ಅಳೆದು ತಿರುಗಿಸುವ ಟಾರ್ಕ್ ರೆಂಚ್‌ನಿಂದಲೇ ಆಗಲಿ. ಕೆಲವು ದಿನ ಓಡಿಸಿದ ಮೇಲೆ ನಟ್, ಬೋಲ್ಟ್ ಎಲ್ಲ ಇನ್ನೊಮ್ಮೆ ನೋಡಬೇಕು. ರೆಂಚ್ ನನ್ನ ಹತ್ತಿರ ಇದೆ, ಮುಂದಿನ ಸಲ ಬರುವಾಗ ತರುತ್ತೇನೆ, ಇಬ್ಬರೂ ಸೇರಿ ಮಾಡೋಣ.

ನಿನ್ನ,
ಅಮ್ಮ