ಇಂಜಿನ್ ನಾಕಿಂಗ್ ತಪಾಸಣೆಯ ಕ್ರಮದಲ್ಲಿ ಬದಲಾವಣೆ: ಗ್ರಾಹಕರಿಗೆ ಪತ್ರ

ಸಂತೆಕಟ್ಟೆ, ಉಡುಪಿ

ಮಾನ್ಯ ಗ್ರಾಹಕರೇ,

ಇಂಜಿನ್ನಿನಲ್ಲಿ ಬಡಿತದ ಸದ್ದು ಕೇಳಿಸುತ್ತದೆ ಎಂಬ ದೂರಿನೊಂದಿಗೆ ಬರುವ ಕಾರುಗಳ ವಿಷಯದಲ್ಲಿ ನಮ್ಮ ಗ್ಯಾರೇಜು ಈವರೆಗೆ ಅನುಸರಿಸುತ್ತಿದ್ದ ಕ್ರಮವು ಬರುವ ತಿಂಗಳ ಒಂದನೇ ತಾರೀಖಿನಿಂದ ಬದಲಾಗಲಿದೆ. ಸದ್ದಿನ ತಪಾಸಣೆಯನ್ನು ದುರಸ್ತಿಯೊಂದಿಗೆ ಸೇರಿಸದೆ ಪ್ರತ್ಯೇಕ ಕೆಲಸವೆಂದು ಪರಿಗಣಿಸಿ ಅದಕ್ಕೆ 900 ರೂಪಾಯಿ ಪಡೆಯಲಾಗುವುದು. ಕಾರನ್ನು ಹಿಂದಿನ ದಿನ ಸಂಜೆಯೇ ತಂದು ಬಿಡಬೇಕು. ವಾಟ್ಸಾಪಿನಲ್ಲಿ ಕಳುಹಿಸಿದ ಸದ್ದನ್ನು ಕೇಳಿ ಖರ್ಚಿನ ಅಂದಾಜು ಹೇಳುವುದನ್ನು ನಿಲ್ಲಿಸುತ್ತಿದ್ದೇವೆ. ಇದಕ್ಕೆ ಕಾರಣವನ್ನು ವಿವರಿಸುವುದು ನಮ್ಮ ಕರ್ತವ್ಯವೆಂದು ಭಾವಿಸಿ ಈ ಪತ್ರ ಬರೆಯುತ್ತಿದ್ದೇವೆ.

ಫೋನಿನಲ್ಲಿ ಒಂದೇ ರೀತಿ ಕೇಳಿಸುವ ಎರಡು ಸದ್ದುಗಳಲ್ಲಿ ಒಂದು ಕೆಲವು ನೂರು ರೂಪಾಯಿಯಲ್ಲಿ ಮುಗಿದರೆ, ಇನ್ನೊಂದಕ್ಕೆ ಇಂಜಿನ್ ಇಳಿಸಿ ಬಿಚ್ಚಬೇಕಾಗಬಹುದು. ಸೋಮೇಶ್ವರ ದಾಟಿ ಆಗುಂಬೆ ಘಾಟಿ ಏರುವಾಗ, ತುಂಬಿದ ಕಾರನ್ನು ಎ.ಸಿ. ಹಾಕಿಕೊಂಡು ಮೂರನೇ ಗೇರಿನಲ್ಲೇ ಎಳೆಸಿದಾಗ ಮಾತ್ರ ಕಿಣಿಕಿಣಿ ಎನ್ನುವ ಸದ್ದು ಪೆಟ್ರೋಲ್ ಇಂಜಿನ್ನಿನ ನಿಜವಾದ ನಾಕಿಂಗ್ ಆಗಿರುವ ಸಾಧ್ಯತೆ ಹೆಚ್ಚು. ಪ್ಲಗ್ಗಿನ ಕಿಡಿಯಿಂದ ಹೊರಟ ಜ್ವಾಲೆ ತಲುಪುವ ಮೊದಲೇ ಸಿಲಿಂಡರಿನ ಆಚೆ ಮೂಲೆಯಲ್ಲಿ ಒತ್ತಡಕ್ಕೆ ಸಿಲುಕಿದ ಮಿಶ್ರಣವು ತಾನಾಗಿ ಹೊತ್ತಿಕೊಂಡಾಗ ಈ ಸದ್ದು ಹುಟ್ಟುತ್ತದೆ. ಪಿಸ್ಟನ್ ತಲೆಗೆ ಹಿಡಿದ ಕಾರ್ಬನ್, ಅತಿಯಾಗಿ ಕಾಯುವ ಇಂಜಿನ್, ಸರಿಹೊಂದದ ಪ್ಲಗ್, ಕೆಲಸ ಮಾಡದ ನಾಕ್ ಸೆನ್ಸರ್ (ನಾಕಿಂಗನ್ನು ಗುರುತಿಸುವ ಸಾಧನ), ಇವುಗಳಲ್ಲಿ ಯಾವುದಾದರೂ ಕಾರಣವಾಗಿರಬಹುದು. ಗೇರ್ ಇಳಿಸಿದೊಡನೆ ಸದ್ದು ನಿಂತರೆ ಅದನ್ನೂ ನಮಗೆ ತಿಳಿಸಿ. ಎಥೆನಾಲ್ ಬೆರೆಸಿದ ಪೆಟ್ರೋಲಿನಿಂದಲೇ ನಾಕಿಂಗ್ ಬಂತೆಂದು ಈಚೆಗೆ ಅನೇಕರು ಹೇಳುತ್ತಾರೆ; ಎಥೆನಾಲಿನ ಆಕ್ಟೇನ್, ಅಂದರೆ ತಾನಾಗಿ ಹೊತ್ತಿಕೊಳ್ಳದೆ ತಡೆಯುವ ಗುಣದ ಅಳತೆ, ಪೆಟ್ರೋಲಿಗಿಂತ ಹೆಚ್ಚಿರುವುದರಿಂದ ಅದು ಈ ಬಗೆಯ ನಾಕಿಂಗನ್ನು ತಡೆಯುವ ಕಡೆಗೇ ವಾಲುತ್ತದೆ. ಮೈಲೇಜ್ ಮತ್ತು ಹಳೆಯ ಕಾರಿನ ರಬ್ಬರ್ ಪೈಪುಗಳ ಚಿಂತೆ ಬೇರೆ ವಿಷಯ.

ಎಳೆತವಿರಲಿ ಇಲ್ಲದಿರಲಿ, ಇಂಜಿನ್ ವೇಗದೊಂದಿಗೆ ಏರುತ್ತಾ ಹೋಗುವ ಗಡುಸಾದ ಡಬ್‌ಡಬ್ ಸದ್ದು ನಮಗೆ ಹೆಚ್ಚು ಆತಂಕ ತರುವಂಥದ್ದು. ಪಿಸ್ಟನ್ನನ್ನು ಕ್ರ್ಯಾಂಕ್ ಶಾಫ್ಟಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಬೇರಿಂಗ್ ಸವೆದಿದೆಯೇ ಎಂದು ತಿಳಿಯಲು ಒಂದೊಂದೇ ಸಿಲಿಂಡರಿಗೆ ಇಂಧನ ಚಿಮ್ಮಿಸುವ ಇಂಜೆಕ್ಟರಿನ ವೈರನ್ನು ಕಳಚಿ ಕೇಳುತ್ತೇವೆ. ಯಾವ ಸಿಲಿಂಡರಿಗೆ ಇಂಧನ ನಿಂತಾಗ ಬಡಿತ ತಗ್ಗುತ್ತದೆಯೋ ಸಂಶಯ ಆ ಸಿಲಿಂಡರಿನ ಮೇಲೆ ಬೀಳುತ್ತದೆ. ಬಳಿಕ ಗೇಜ್ ಜೋಡಿಸಿ ಆಯಿಲ್ ಒತ್ತಡವನ್ನು ನೋಡಿ, ಆಯಿಲ್ ಇಳಿಸಿ, ಫಿಲ್ಟರನ್ನು ಕತ್ತರಿಸಿ ಅದರ ಮಡಿಕೆಗಳನ್ನು ಬಿಳಿ ಬಟ್ಟೆಯ ಮೇಲೆ ಬಿಡಿಸುತ್ತೇವೆ. ಅಲ್ಲಿ ಮಿನುಗುವ ಪುಡಿ ಅಯಸ್ಕಾಂತಕ್ಕೆ ಅಂಟದಿದ್ದರೆ ಅದು ಬೇರಿಂಗಿನ ಲೋಹವಾಗಿರುವ ಸಂಭವವಿದೆ. ಇಷ್ಟಕ್ಕೆ ಅರ್ಧ ದಿನ ಬೇಕು. ಈ ಯಾವ ಪರೀಕ್ಷೆಯೂ ಇಲ್ಲದೆ "ಹಾಫ್ ಇಂಜಿನ್ ಮಾಡಿಸಿ" (ಇಂಜಿನ್ನಿನ ಒಂದು ಭಾಗ ಬಿಚ್ಚಿ ಮಾಡುವ ದೊಡ್ಡ ದುರಸ್ತಿ) ಎಂದು ಬೇರೆಡೆ ಹೇಳಿಸಿಕೊಂಡು ಬಂದ ಕಾರೊಂದರಲ್ಲಿ ಕೊನೆಗೆ ಕಂಡದ್ದು ಸೈಲೆನ್ಸರಿನ ಮೇಲಿನ ಸಡಿಲಗೊಂಡ ತಗಡು.

ಹಿಂದಿನ ಸಂಜೆಯೇ ಕಾರು ಬೇಕೆನ್ನುವುದಕ್ಕೆ ಕಾರಣ ಸರಳವಾಗಿದೆ. ಇಂಜಿನ್ನಿನ ವಾಲ್ವುಗಳನ್ನು ಸರಿಯಾದ ಹೊತ್ತಿಗೆ ತೆರೆಸುವ ಟೈಮಿಂಗ್ ಚೈನ್ ಸಡಿಲಾಗಿದ್ದರೆ ಬೆಳಗಿನ ಮೊದಲ ಸ್ಟಾರ್ಟಿನಲ್ಲಿ, ಆಯಿಲ್ ಒತ್ತಡ ಏರುವಷ್ಟರೊಳಗೆ, ಕೆಲವೇ ಕ್ಷಣ ಗರಗರ ಎಂದು ಸುಮ್ಮನಾಗುತ್ತದೆ. ಸವೆದ ಪಿಸ್ಟನ್ನಿನ ಸದ್ದು ಇಂಜಿನ್ ಕಾದಂತೆ ಅಡಗುತ್ತದೆ. ಬ್ರಹ್ಮಾವರದಿಂದ ಓಡಿಸಿಕೊಂಡು ಬಂದ ಬಿಸಿ ಇಂಜಿನ್ನಿನಲ್ಲಿ ಇವೆರಡೂ ಕೇಳಿಸುವುದಿಲ್ಲ. ಡೀಸೆಲ್ ಇಂಜಿನ್ ತಣ್ಣಗಿರುವಾಗ ಸ್ವಲ್ಪ ಬಡಿಯುವುದು ಸಹಜ.

ಮಳೆಗಾಲದ ಬಗ್ಗೆ ಒಂದು ವಿನಂತಿ. ಮಂಗಳೂರಿನ ಕೊಟ್ಟಾರ ಚೌಕಿಯಂತಹ ಕಡೆ ನಿಂತ ನೀರಿನಲ್ಲಿ ಕಾರು ಬಂದ್ ಬಿದ್ದರೆ ದಯವಿಟ್ಟು ಮತ್ತೆ ಸ್ಟಾರ್ಟ್ ಮಾಡಬೇಡಿ. ಸಿಲಿಂಡರಿನೊಳಗೆ ಹೊಕ್ಕ ನೀರು ಗಾಳಿಯಂತೆ ಕುಗ್ಗುವುದಿಲ್ಲವಾದ್ದರಿಂದ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಬಾಗಿದ ರಾಡಿನೊಂದಿಗೆ ಕಾರು ಕೆಲವು ವಾರ ಓಡಿ ಆಮೇಲೆ ಬಡಿಯತೊಡಗುವುದೂ ಉಂಟು. ಆಗ ವಿಮೆಯವರಿಗೆ ಕಾರಣವನ್ನು ಮನವರಿಕೆ ಮಾಡುವುದು ಕಷ್ಟ. ಅಂಥ ಕಾರನ್ನು ಎಳೆಸಿಕೊಂಡೇ ಬನ್ನಿ. ಆಯಿಲಿನ ಕೆಂಪು ದೀಪ ಉರಿದಾಗಲೂ ಇದೇ ಮಾತು.

ದುರಸ್ತಿ ನಮ್ಮಲ್ಲೇ ಮಾಡಿಸಿದರೆ 900 ರೂಪಾಯಿಯನ್ನು ಬಿಲ್ಲಿನಲ್ಲಿ ವಜಾ ಮಾಡಬಾರದೇ ಎಂದು ಕೆಲವರು ಈಗಾಗಲೇ ಕೇಳಿದ್ದಾರೆ. ಮಾಡುವುದಿಲ್ಲ. ವಜಾ ಮಾಡುವುದಾದರೆ ದೊಡ್ಡ ದುರಸ್ತಿ ಸಿಕ್ಕಾಗ ಮಾತ್ರ ತಪಾಸಣೆಯ ಶ್ರಮಕ್ಕೆ ಬೆಲೆ ಬರುತ್ತದೆ, ಮತ್ತು ಆ ಆಸೆ ಮೆಕ್ಯಾನಿಕ್ಕಿನ ಕಿವಿಯನ್ನು ಕೆಡಿಸುತ್ತದೆ ಎಂಬುದು ನಮ್ಮ ಅಭಿಪ್ರಾಯ. ಕಂಡದ್ದನ್ನು ಬರೆದು ಕೊಡುತ್ತೇವೆ. ಅದನ್ನು ಹಿಡಿದು ನೀವು ಬೇರೆ ಗ್ಯಾರೇಜಿಗೂ ಹೋಗಬಹುದು.

ಕಾರು ಬಿಡುವಾಗ ಕಳೆದ ಸರ್ವಿಸಿನ ಬಿಲ್ ತನ್ನಿ, ಹಾಕಿದ ಆಯಿಲಿನ ಗ್ರೇಡ್ ಅದರಿಂದ ತಿಳಿಯುತ್ತದೆ. ಸದ್ದು ಅಡಗಿಸಲೆಂದು ದಪ್ಪ ಆಯಿಲನ್ನಾಗಲಿ ಡಬ್ಬಿಯ ಔಷಧವನ್ನಾಗಲಿ ಸುರಿದು ತರಬೇಡಿ. ಮಾಮೂಲಿ ಸರ್ವಿಸಿನ ದರದಲ್ಲಿ ಬದಲಾವಣೆಯಿಲ್ಲ. ಈ ತಿಂಗಳೊಳಗೆ ಹೆಸರು ಬರೆಸಿದವರಿಗೆ ಹಳೆಯ ಕ್ರಮವೇ ಅನ್ವಯಿಸುತ್ತದೆ. ಶನಿವಾರ ಸಂಜೆ ಬಿಟ್ಟ ಕಾರುಗಳ ತಪಾಸಣೆ ಸೋಮವಾರ ಬೆಳಿಗ್ಗೆ ನಡೆಯುತ್ತದೆ.

ಇತಿ ತಮ್ಮ ವಿಶ್ವಾಸಿಗಳು,
ಗ್ಯಾರೇಜಿನ ಪಾಲುದಾರರು