ನಾಟಿ ಮಾಡುವ ಹೆಂಗಸರ ಬಳಿಗೆ ಸಂಜೆ ವೈದ್ಯರು ಬರಲಿ

ಸಂಪಾದಕರೇ,

ಸಿಂಧನೂರು, ಮಾನ್ವಿ ಭಾಗದಲ್ಲಿ ಭತ್ತ ನಾಟಿ ಮಾಡುವ ಹೆಂಗಸರು ಇಡೀ ದಿನ ಕೆಸರು ನೀರಲ್ಲಿ ಬಗ್ಗಿ ನಿಂತಿರುತ್ತಾರೆ. ಮುಟ್ಟಿನ ಬಟ್ಟೆ ಬದಲಿಸಲೂ ಮರೆ ಸಿಗುವುದಿಲ್ಲ. ಬಿಳಿ ಸೆರಗಿಗೆ (ಯೋನಿಯಿಂದ ಹೋಗುವ ಬಿಳಿ ಸ್ರಾವಕ್ಕೆ) ವಾಸನೆ ಬಂದರೂ, ತುರಿಕೆ, ಕಿಬ್ಬೊಟ್ಟೆ ನೋವು ಇದ್ದರೂ 'ಮೈಯಲ್ಲಿ ಉಷ್ಣ ಜಾಸ್ತಿ' ಅಂದುಕೊಂಡು ಸುಮ್ಮನಾಗುತ್ತಾರೆ. ಹೀಗೆ ಬಿಟ್ಟ ಸೋಂಕು ಗರ್ಭಕೋಶ, ಗರ್ಭನಾಳಕ್ಕೆ ಹಬ್ಬಿದರೆ ಮಕ್ಕಳಾಗುವುದೇ ಕಷ್ಟವಾಗಬಹುದು. ಆಮೇಲೆ 'ಬಂಜೆ' ಅನ್ನುವ ಮಾತೂ ಅವಳಿಗೇ. ಇದು ಅನ್ಯಾಯ ಅಲ್ವಾ? ಕೆಲವು ಸೋಂಕಿಗೆ ಗಂಡನೂ ಮಾತ್ರೆ ತೆಗೆದುಕೊಳ್ಳಲೇಬೇಕು, ಇಲ್ಲದಿದ್ದರೆ ಮತ್ತೆ ಬರುತ್ತದೆ. ಇಂಥ ಸೋಂಕುಗಳಿಗೆಂದೇ ಇರುವ ಸರ್ಕಾರಿ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಚಿಕಿತ್ಸೆ ಉಚಿತ. ನಾಟಿ ಕಾಲದಲ್ಲಿ ಆಶಾ ಕಾರ್ಯಕರ್ತೆಯರ ಜೊತೆ ಮಹಿಳಾ ವೈದ್ಯರನ್ನೂ ಸಂಜೆ ಹೊತ್ತು ಹಳ್ಳಿಗೆ ಕಳಿಸಿ. ಹಗಲಲ್ಲಿ ಕೂಲಿ ಬಿಟ್ಟು ಯಾರೂ ಬರುವುದಿಲ್ಲ.

— ಓದುಗರೊಬ್ಬರು, ಸಿಂಧನೂರು, ರಾಯಚೂರು ಜಿಲ್ಲೆ