ಹೊಸ ಬೀದಿಬದಿ ವ್ಯಾಪಾರಿ ಸಮೀಕ್ಷೆಗೆ ಕಾಯಬೇಕಿಲ್ಲ

ಮಾನ್ಯ ಸಂಪಾದಕರೆ,

ತಳ್ಳುಗಾಡಿಯಲ್ಲಿ ಸೊಪ್ಪು, ತರಕಾರಿ ಮಾರಲು ಹೊರಟವರು ನಗರಸಭೆಗೆ ಹೋದರೆ ಸಿಗುವ ಮಾಮೂಲಿ ಉತ್ತರ: ‘ಸಮೀಕ್ಷೆ ಮುಗಿದಿದೆ, ಮುಂದಿನ ಸಲ ಬನ್ನಿ’. ವ್ಯಾಪಾರಿಗಳನ್ನು ಗುರುತಿಸುವ ಈ ಸಮೀಕ್ಷೆ ಐದು ವರ್ಷಕ್ಕೊಮ್ಮೆ, ಅದೂ ನಡೆದರೆ. ಆದರೆ 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯ 4ನೇ ಕಲಂ ಪ್ರಕಾರ, ಎರಡು ಸಮೀಕ್ಷೆಗಳ ನಡುವೆ ಬಂದವರಿಗೂ ಸ್ಥಳೀಯ ಸಂಸ್ಥೆಯ ಪಟ್ಟಣ ವ್ಯಾಪಾರ ಸಮಿತಿ ವ್ಯಾಪಾರದ ಪ್ರಮಾಣಪತ್ರ ಕೊಡಬಹುದು. ಮುಖ್ಯವಾಗಿ ವ್ಯಾಪಾರ ವಲಯದಲ್ಲಿ ಜಾಗ ಉಳಿದಿರಬೇಕು.

ಹಾಗಾಗಿ ಬಾಯಿಮಾತಿನಲ್ಲಿ ಕೇಳಿ ಮರಳಬಾರದು. ಏನು ಮಾರುತ್ತೀರಿ, ಎಲ್ಲಿ, ಯಾವ ಹೊತ್ತಿನಲ್ಲಿ, ಒಂದೇ ಕಡೆ ನಿಂತೋ ಸುತ್ತಾಡುತ್ತಲೋ ಎಂದು ಸಮಿತಿಗೆ ಅರ್ಜಿ ಬರೆದು, ನಕಲಿನ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಬೇಕು. ಹೊಸಬರು ಹೆಚ್ಚು ಮೋಸ ಹೋಗುವುದು ‘ಜಾಗ ಕೊಡುತ್ತೇನೆ’ ಎನ್ನುವವರಿಗೆ ಮುಂಗಡ ಕೊಟ್ಟು. ಪ್ರಮಾಣಪತ್ರ ಪಡೆದವರು ಸ್ವತಃ ಇಲ್ಲವೇ ಮನೆಯವರ ಮೂಲಕ ಮಾತ್ರ ವ್ಯಾಪಾರ ಮಾಡಬೇಕು, ಬಾಡಿಗೆಗೂ ಕೊಡುವಂತಿಲ್ಲ. ಅಂಥ ಜಾಗಕ್ಕೆ ಕೊಟ್ಟ ದುಡ್ಡು ನೀರಿಗೆ ಹಾಕಿದಂತೆ.

ಕಾಗದ ಇಲ್ಲದಿದ್ದರೆ ಸಾಲವೂ ದುಬಾರಿ. ಬೆಳಿಗ್ಗೆ 900 ರೂಪಾಯಿ ಪಡೆದು ಸಂಜೆ 1,000 ಕಟ್ಟುವ ದಿನಬಡ್ಡಿಯಲ್ಲಿ ಲಾಭವೆಲ್ಲ ಸಾಲ ಕೊಟ್ಟವನದೇ. ಪ್ರಮಾಣಪತ್ರ ಅಥವಾ ಸ್ಥಳೀಯ ಸಂಸ್ಥೆಯ ಶಿಫಾರಸು ಪತ್ರ ಇದ್ದರೆ ಬೀದಿಬದಿ ವ್ಯಾಪಾರಿಗಳಿಗಾಗಿ ಇರುವ ಕೇಂದ್ರದ ಸಾಲ ಯೋಜನೆ ಪಿಎಂ ಸ್ವನಿಧಿಯಲ್ಲಿ ಮೊದಲ ಕಂತಿಗೆ 15,000 ರೂಪಾಯಿವರೆಗೆ, ಹೊತ್ತಿಗೆ ತೀರಿಸಿದರೆ ಮುಂದೆ 25,000, ಆಮೇಲೆ 50,000 ಸಾಲ ಸಿಗುತ್ತದೆ. ಮೊದಲ ಸಾಲವನ್ನು ಹೊಸ ಗಾಡಿಗೆ ಸುರಿಯುವುದು ಜಾಣತನವಲ್ಲ. ಗಾಡಿ ಬಾಡಿಗೆಗೆ ಸಿಗುತ್ತದೆ, ಮಾಲಿಗೆ ಮಾತ್ರ ಕೈಯಲ್ಲಿ ನಗದು ಬೇಕು. ಮೊದಲ ವಾರ ಗಿರಾಕಿಯ ಅಂದಾಜು ಸಿಗುವ ತನಕ ಸೊಪ್ಪು ಕಡಿಮೆ, ಈರುಳ್ಳಿ, ಆಲೂಗಡ್ಡೆ ಹೆಚ್ಚು ತರುವುದು ಮೇಲು: ಕೊತ್ತಂಬರಿ ಒದ್ದೆ ಗೋಣಿಯಡಿ ಇದ್ದರೂ ಮಧ್ಯಾಹ್ನಕ್ಕೆ ಬಾಡುತ್ತದೆ. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಕಾನೂನು ಮಾಪನ ಇಲಾಖೆಯ ಮುದ್ರೆ ಬೇಕು.

ಮಾಲು ಜಪ್ತಿಯಾದರೆ ಅಲ್ಲೇ ಪಟ್ಟಿ ಬರೆಸಿಕೊಳ್ಳಿ. ಶುಲ್ಕ ಕಟ್ಟಿದ ಮೇಲೆ ಬೇಗ ಕೆಡುವ ಮಾಲನ್ನು ಅದೇ ದಿನ, ಉಳಿದದ್ದನ್ನು ಎರಡು ಕೆಲಸದ ದಿನಗಳಲ್ಲಿ ಹಿಂತಿರುಗಿಸಬೇಕೆಂದು ಕಾಯ್ದೆಯೇ ಹೇಳುತ್ತದೆ. ಪಟ್ಟಿ ಇಲ್ಲದಿದ್ದರೆ ಎಷ್ಟು ಕೆ.ಜಿ. ಹೋಯಿತೆಂದು ಸಾಬೀತು ಮಾಡುವುದು ಹೇಗೆ?

ಪ್ರತಿ ನಗರಸಭೆ, ಪುರಸಭೆಯ ಕೌಂಟರಿನಲ್ಲಿ ಅರ್ಜಿ ನಮೂನೆ ಇಡಬೇಕು. ಯಾವ ವಲಯದಲ್ಲಿ ಎಷ್ಟು ಜಾಗ ಉಳಿದಿದೆ ಎಂಬ ಪಟ್ಟಿಯನ್ನೂ ಗೋಡೆಗೆ ಅಂಟಿಸಬೇಕು.

– ಬೀದಿಬದಿ ವ್ಯಾಪಾರಿಗಳಿಗೆ ಅರ್ಜಿ ಬರೆದುಕೊಡುವವರು